ಪ್ರವಚನ ಮಾಡದ ಮಿಶನರಿಗಳು



ಮೈಕಿನ ಮುಂದೆ ನಾನು ಕೂತಿರುವುದು ಇವತ್ತೇ ಮೊದಲು. ಮೂವತ್ತೊಂದು ವರ್ಷ ನಾನು ಕೂತದ್ದು ಗಾಜಿನ ಆಚೆ ಬದಿಯಲ್ಲಿ, ಕಂಟ್ರೋಲ್ ರೂಮಿನಲ್ಲಿ. ಕಾರ್ಯಕ್ರಮ ಚೆನ್ನಾಗಿ ಬಂದರೆ ನೀವು ಪತ್ರ ಬರೆಯುತ್ತಿದ್ದದ್ದು ಉದ್ಘೋಷಕರಿಗೆ. ಕರಕರ ಸದ್ದು ಬಂದರೆ ಮಾತ್ರ ಫೋನು ನಮಗೆ ಬರುತ್ತಿತ್ತು. ಇದು ದೂರಲ್ಲ, ಕೆಲಸದ ಸ್ವಭಾವವೇ ಹಾಗೆ. "ಮಿಶನರಿಗಳ ಬಗ್ಗೆ ಹದಿನೈದು ನಿಮಿಷ ಮಾತಾಡಿ" ಎಂದು ಕೇಳಿದಾಗ, "ಪ್ರವಚನ ಮಾಡಿದವರ ಬಗ್ಗೆ ನನಗೇನೂ ಗೊತ್ತಿಲ್ಲ, ಅವರ ಯಂತ್ರ ರಿಪೇರಿ ಮಾಡಿದವರ ಬಗ್ಗೆ ಬೇಕಾದರೆ ಹೇಳುತ್ತೇನೆ" ಎಂದೆ. ಒಪ್ಪಿದರು. ಹಾಗಾಗಿ ಬಂದಿದ್ದೇನೆ.

ಮೊದಲು ಒಂದು ಪ್ರಶ್ನೆ. ಮುಂಬೈಯ ಹಳೆಯ ಚಾಳುಗಳಲ್ಲಿ, ಪುಣೆಯ ಪೇಟೆಯೊಳಗೆ ಇನ್ನೂ ಉಳಿದಿರುವ ವಾಡೆಗಳಲ್ಲಿ ನೀವು ತಲೆಯೆತ್ತಿ ಮಾಡು ನೋಡಿದ್ದೀರಾ? ಕೆಂಪು ಹೆಂಚು. ನಿಮ್ಮ ಮರಾಠಿ ನೆರೆಯವರನ್ನು ಕೇಳಿ, 'ಮಂಗಳೂರಿ ಕೌಲ' ಅನ್ನುತ್ತಾರೆ. ನಮ್ಮೂರಿನ ಹೆಸರು ಅವರ ಮಾಡಿನ ಮೇಲೆ ಹೇಗೆ ಹತ್ತಿ ಕುಳಿತಿತು? ಅದನ್ನು ಹತ್ತಿಸಿದವನು ಒಬ್ಬ ಮಿಶನರಿ. ಆದರೆ ಅವನ ಹೆಸರು ಯಾವ ಪ್ರವಚನಕ್ಕೂ ಪ್ರಸಿದ್ಧವಲ್ಲ.

ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಕ್ಕೆ ಹರ್ಮನ್ ಮೋಗ್ಲಿಂಗ್ ಬಂದರು. ಇವರ ಹೆಸರನ್ನು ನೀವು ಕೇಳಿರುತ್ತೀರಿ. 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದವರು ಇದೇ ಮೋಗ್ಲಿಂಗ್. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನ ಎಂದು ಆಚರಿಸುತ್ತಾರೆ. ಪ್ರತಿ ವರ್ಷ ಭಾಷಣ ಇರುತ್ತದೆ, ಹಾರ ಇರುತ್ತದೆ. ಆ ಪತ್ರಿಕೆಯನ್ನು ಅಚ್ಚು ಹಾಕಿದ್ದು ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಕಲ್ಲಚ್ಚಿನಲ್ಲಿ. 1841ರಲ್ಲಿ ಮಂಗಳೂರಿನಲ್ಲಿ ಮಿಶನ್ ಇಟ್ಟ ಅಚ್ಚುಕೂಟದಲ್ಲಿ ಆಗ ಇದ್ದದ್ದು ಕಲ್ಲು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಬೇಕು. ಬರೆದಲ್ಲಿ ನೀರು ನಿಲ್ಲುವುದಿಲ್ಲ, ಬರೆಯದಲ್ಲಿ ನಿಲ್ಲುತ್ತದೆ. ಮಸಿಯ ಉರುಳೆ ಹೊರಳಿಸಿದರೆ ಜಿಡ್ಡು ಮಸಿಯನ್ನು ಹಿಡಿಯುತ್ತದೆ, ನೀರು ಬಿಡುತ್ತದೆ. ಕಾಗದ ಒತ್ತಿ ತೆಗೆದರೆ ಅಚ್ಚು. ಚಿತ್ರಕ್ಕೆ ಇದು ಬಹಳ ಚೆಂದ. ಪತ್ರಿಕೆಗೆ ಕಷ್ಟ, ಏಕೆಂದರೆ ಪ್ರತಿ ಪುಟವನ್ನೂ ಯಾರೋ ಕೈಯಲ್ಲೇ ಬರೆಯಬೇಕು. ಬಳ್ಳಾರಿಯಲ್ಲಿ ಲಂಡನ್ ಮಿಶನ್‌ನವರ ಬಳಿ ಅಚ್ಚುಮೊಳೆ ಇತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಯಿತು, 'ಕನ್ನಡ ಸಮಾಚಾರ' ಎಂದು ಹೆಸರು ಬದಲಿಸಿಕೊಂಡಿತು, ಹೆಚ್ಚು ದಿನ ಬದುಕಲಿಲ್ಲ. ಕನ್ನಡದ ಮೊದಲ ಪತ್ರಿಕೆ ತನ್ನ ಊರನ್ನು ಬಿಟ್ಟದ್ದು ಮೊಳೆಗಾಗಿ! ಬರೆಯುವವರು ಮಂಗಳೂರಿನಲ್ಲಿ ಇದ್ದರು, ಓದುವವರೂ ಇದ್ದರು. ಸೀಸದ ಚೂರು ಇರಲಿಲ್ಲ.

ಆ ಸೀಸದ ಚೂರಿನ ಕಥೆಗೆ ಇನ್ನೂ ಸ್ವಲ್ಪ ಹಿಂದಕ್ಕೆ, ಬಂಗಾಳಕ್ಕೆ ಹೋಗಬೇಕು. ಸೆರಾಂಪುರದ ವಿಲಿಯಂ ಕೇರಿಯ ಹೆಸರು ಎಲ್ಲರಿಗೂ ಗೊತ್ತು. ಅವನ ಜತೆಗಾರ ವಿಲಿಯಂ ವಾರ್ಡ್, ಕಸುಬಿನಲ್ಲಿ ಮುದ್ರಕ. ಅಕ್ಷರಗಳ ಪಡಿಯಚ್ಚನ್ನು ಉಕ್ಕಿನಲ್ಲಿ ಕೊರೆದವನು ಪಂಚಾನನ ಕರ್ಮಕಾರ, ಅವನ ನಂತರ ಅವನ ಅಳಿಯ ಮನೋಹರ. ಇವರು ಕ್ರೈಸ್ತರೂ ಅಲ್ಲ, ಮಿಶನರಿಗಳೂ ಅಲ್ಲ, ಕಮ್ಮಾರ ಕಸುಬಿನವರು. 1812ರ ಮಾರ್ಚಿನಲ್ಲಿ ಆ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಹಸ್ತಪ್ರತಿ, ಮೊಳೆ ಎಲ್ಲ ಹೋಯಿತು. ಬೂದಿ ಕೆದಕಿದಾಗ ಉಕ್ಕಿನ ಪಡಿಯಚ್ಚುಗಳು ಸಿಕ್ಕವು. ಕರಗಿ ಗಟ್ಟಿಯಾಗಿದ್ದ ಸೀಸವೂ ಅಲ್ಲೇ ಇತ್ತು. ಅದನ್ನೇ ಮತ್ತೆ ಕಾಯಿಸಿ ಎರಕ ಹೊಯ್ಯತೊಡಗಿದರು. ಕೇರಿಯ ಕನ್ನಡ ವ್ಯಾಕರಣ ಅದೇ ಸೆರಾಂಪುರದಿಂದ 1817ರಲ್ಲಿ ಬಂತು, ಕನ್ನಡ ಅಕ್ಷರ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಬೋಧಕನ ಹಿಂದೆ ಮುದ್ರಕ, ಮುದ್ರಕನ ಹಿಂದೆ ಕಮ್ಮಾರ. ನಮ್ಮ ಕಂಟ್ರೋಲ್ ರೂಮಿನ ಹಿಂದೆಯೂ ಒಬ್ಬ ಜನರೇಟರಿನವ ಇದ್ದ ಹಾಗೆ.

ಮಂಗಳೂರಿಗೆ ಮರಳೋಣ. 1851ರಲ್ಲಿ ಗೆಯೋರ್ಗ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಕುಶಲಕರ್ಮಿ ಬಂದ. ಯಂತ್ರದ ಕೆಲಸ ಬಲ್ಲವನು. ಬಾಸೆಲ್‌ನವರು ಇವನನ್ನು ಕಳಿಸಿದ್ದು ಅಚ್ಚುಕೂಟದ ಕೆಲಸಕ್ಕೆ. ಕನ್ನಡದ ಅಚ್ಚುಮೊಳೆಯ ಕೆಲಸ ಮಂಗಳೂರಿನಲ್ಲಿ ಬೇರೂರಿದ್ದು ಇವನ ಕಾಲದಲ್ಲಿ.

ಕನ್ನಡದ ಮೊಳೆ ಎಂದರೆ ಏನೆಂದು ನನಗೆ ಗೊತ್ತು. ನನ್ನ ಅಪ್ಪ ಕಂಪೋಸಿಟರ್ ಆಗಿದ್ದರು, ಮಂಗಳೂರಿನದೇ ಒಂದು ಪ್ರೆಸ್ಸಿನಲ್ಲಿ. ಶಾಲೆ ಬಿಟ್ಟ ಮೇಲೆ ಬುತ್ತಿ ಪಾತ್ರೆ ತರಲು ನಾನು ಅಲ್ಲಿಗೆ ಹೋಗುತ್ತಿದ್ದೆ. ಇಂಗ್ಲಿಷ್ ಕೇಸು ಒಬ್ಬ ಮನುಷ್ಯ ಕೈ ಚಾಚಿದಷ್ಟು ಅಗಲ. ಕನ್ನಡದ್ದಕ್ಕೆ ಅದರ ಹಲವು ಪಟ್ಟು ಮನೆಗಳು. ಅಕ್ಷರಕ್ಕೆ ಒಂದು ಮನೆ, ಕಾಗುಣಿತಕ್ಕೆ ಬೇರೆ ಮನೆ, ಒತ್ತಕ್ಷರಗಳಿಗೆ ಇನ್ನೊಂದು ಸಾಲು. 'ಸ್ತ್ರೀ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅಪ್ಪನ ಬೆರಳು ಅದಕ್ಕೆ ಮೂರು ನಾಲ್ಕು ಮನೆಗಳಿಗೆ ಹೋಗಿಬರಬೇಕಿತ್ತು. ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ. ಒತ್ತು ಸಾಲಿನ ಕೆಳಗೆ ಇಳಿಯಬೇಕು, ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ತಾಗಿದರೆ ಸೀಸ ಮುರಿಯುತ್ತದೆ. ಮೊಳೆ ತುಂಬ ಸಣ್ಣದಾದರೆ ಒತ್ತು ಮಸಿಯಲ್ಲಿ ಮುಚ್ಚಿಹೋಗುತ್ತದೆ, ದೊಡ್ಡದಾದರೆ ಪುಸ್ತಕ ದಪ್ಪವಾಗಿ ಬೆಲೆ ಏರುತ್ತದೆ. ಬೈಬಲ್ಲಾಗಲಿ ಶಾಲೆಯ ಪಠ್ಯವಾಗಲಿ ಬಡವನ ಕೈಗೆ ಸಿಗುತ್ತದೋ ಇಲ್ಲವೋ ಎಂಬುದು ಒತ್ತಕ್ಷರದ ಅಳತೆಯ ಮೇಲೆ ನಿಂತಿತ್ತು ಎಂದರೆ ನಗಬೇಡಿ.

1894ರಲ್ಲಿ ಕಿಟ್ಟೆಲ್ ನಿಘಂಟು ಇದೇ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಸುಮಾರು 70,000 ಪದಗಳು. ಕನ್ನಡ, ಇಂಗ್ಲಿಷ್, ನಡುನಡುವೆ ಸಂಸ್ಕೃತ ಮತ್ತು ನೆರೆಯ ದ್ರಾವಿಡ ಭಾಷೆಗಳ ರೂಪಗಳು, ಮೂಲ ಗ್ರಂಥಗಳ ಸೂಚನೆಗಳು. ಕಿಟ್ಟೆಲ್ ವರ್ಷಗಟ್ಟಲೆ ದುಡಿದರು, ಕಣ್ಣು ಸವೆಸಿದರು, ಅವರ ಪ್ರತಿಮೆ ಬೆಂಗಳೂರಿನಲ್ಲಿ ನಿಂತಿರುವುದು ಅತ್ಯಂತ ಯೋಗ್ಯ. ಆದರೆ ಆ ಪುಟಗಳನ್ನು ಬೆಳಕಿಗೆ ಹಿಡಿದು ನೋಡಿ ಅಪ್ಪ ಹೇಳಿದ ಮಾತು ಬೇರೆ. "ಇದನ್ನು ಜೋಡಿಸಿದವನಿಗೆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ ಮಗಾ" ಎಂದಿದ್ದರು.

ಈಗ ಹೆಂಚಿಗೆ ಬರೋಣ. ಇದಕ್ಕೆ ಹಿನ್ನೆಲೆ ಬೇಕು, ಹಿನ್ನೆಲೆ ಅಷ್ಟು ಹಿತವಾದದ್ದಲ್ಲ.

ಆ ಕಾಲದಲ್ಲಿ ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಹಳ ಮಂದಿ ಬಿಲ್ಲವರು. ಶೇಂದಿ ತೆಗೆಯುವುದು ಅವರಲ್ಲಿ ಅನೇಕರ ಕಸುಬು. ಹೊಸ ಧರ್ಮಕ್ಕೆ ಶೇಂದಿ ಒಪ್ಪಿಗೆಯಿಲ್ಲ, ಭೂತಾರಾಧನೆಯೂ ಒಪ್ಪಿಗೆಯಿಲ್ಲ. ಇತ್ತ ಕಸುಬು ಹೋಯಿತು, ಅತ್ತ ಕುಟುಂಬ ಹೊರಗೆ ಹಾಕಿತು, ಗೇಣಿಯ ಭೂಮಿಯೂ ಕೈಬಿಟ್ಟಿತು. ದೀಕ್ಷಾಸ್ನಾನ ಆಗುವುದು ಒಂದು ಬೆಳಗ್ಗೆ, ಊಟ ಬೇಕಾಗುವುದು ಪ್ರತಿ ಮಧ್ಯಾಹ್ನ. ನಮ್ಮ ಕುಟುಂಬವೂ ಹೀಗೇ ಬಂದದ್ದು. ನನ್ನ ಅಜ್ಜನ ಅಜ್ಜ ಒಂದು ಚಾಪೆ, ಒಂದು ಕತ್ತಿ ಹಿಡಿದು ಮನೆ ಬಿಟ್ಟರು ಎಂದು ನಮ್ಮಲ್ಲಿ ಹೇಳುತ್ತಾರೆ. ಆ ಕತ್ತಿ ಶೇಂದಿಯ ಕತ್ತಿಯೇ ಆಗಿತ್ತು, ಅದಕ್ಕಿನ್ನು ಕೆಲಸವಿರಲಿಲ್ಲ.

ಮಿಶನ್‌ನವರು ಬೇಸಾಯ ಮಾಡಿಸಿ ನೋಡಿದರು, ಬಡಗಿ ಕೆಲಸ, ಗಡಿಯಾರದ ಕೆಲಸ ನೋಡಿದರು. ಅವು ನಿಲ್ಲಲಿಲ್ಲ. ನೇಯ್ಗೆ ನಿಂತಿತು. ಅದಕ್ಕೆ ಬಂದವನು ಜಾನ್ ಹಾಲರ್ ಎಂಬ ನೇಕಾರ. ಖಾಕಿ ಬಣ್ಣವನ್ನು ಕಂಡುಹಿಡಿದವನೇ ಇವನು ಎಂದು ಮಂಗಳೂರಿನಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ. ಆದರೆ ವಾಯವ್ಯ ಗಡಿಯ ಸೈನಿಕ ದಳವೊಂದು 1840ರ ದಶಕದಲ್ಲೇ ಮಣ್ಣು ಬಣ್ಣದ ಬಟ್ಟೆ ತೊಡುತ್ತಿತ್ತು, 'ಖಾಕಿ' ಎಂಬ ಹೆಸರೂ ಧೂಳು ಎಂಬರ್ಥದ ಪಾರಸಿ ಮಾತಿನಿಂದ ಬಂದದ್ದು. ಹಾಗಾಗಿ ಹಾಲರ್ ಮಂಗಳೂರಿನ ಮಗ್ಗಗಳಲ್ಲಿ ಒಳ್ಳೆಯ ಖಾಕಿ ಬಟ್ಟೆ ಮಾಡಿಸಿದ ಎಂದಷ್ಟೇ ಹೇಳಿದರೆ ಅವನಿಗೆ ಅವಮಾನವೇನೂ ಇಲ್ಲ.

ಪ್ಲೆಬ್‌ಸ್ಟ್ ಮುದ್ರಣದ ಕೆಲಸದಲ್ಲಿದ್ದವನು ಮಣ್ಣಿನ ಕೆಲಸಕ್ಕೆ ತಿರುಗಿದ. ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕೊಂಡಿಯಂತೆ ಕೂಡುವ ಹೆಂಚಿಗೆ ಹಕ್ಕುಪತ್ರ ಪಡೆದಿದ್ದರು. ಆ ಬಗೆಯ ಹೆಂಚನ್ನು ನೇತ್ರಾವತಿ ದಂಡೆಯ ಜೇಡಿಯಲ್ಲಿ ಮಾಡಬಹುದು ಎಂದು ಪ್ಲೆಬ್‌ಸ್ಟ್ ತೋರಿಸಿದ. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ. ಜೇಡಿಯನ್ನು ನೆನೆಹಾಕಿ, ನಾದಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಗೂಡಿನಲ್ಲಿ ಸುಡುವುದು. ಬಿಸಿಲಿನಲ್ಲಿ ಒಣಗಿಸಿದರೆ ಬಾಗುತ್ತದೆ, ಬಾಗಿದ ಹೆಂಚು ಪಕ್ಕದ ಹೆಂಚಿಗೆ ಕೂಡುವುದಿಲ್ಲ.

ಘಟ್ಟದ ಕೆಳಗಿನ ಮಳೆ ಕಂಡವರಿಗೆ ಇದರ ಬೆಲೆ ಗೊತ್ತು. ಅದಕ್ಕೆ ಮೊದಲು ಬಡವರ ಮನೆಗೆ ಮುಳಿಹುಲ್ಲು, ಇಲ್ಲವೇ ತೆಂಗಿನ ಮಡಲು. ಪ್ರತಿ ವರ್ಷ ಹೊಸದಾಗಿ ಹೊದಿಸಬೇಕು, ಬೇಸಗೆಯಲ್ಲಿ ಒಂದು ಕಿಡಿ ಸಾಕು. ಈ ಹೊಸ ಹೆಂಚಿನ ಒಂದು ಅಂಚಿನಲ್ಲಿ ಕಾಲುವೆ, ಇನ್ನೊಂದು ಅಂಚಿನಲ್ಲಿ ಏಣು. ಪಕ್ಕದ ಹೆಂಚಿನ ಏಣು ಇದರ ಕಾಲುವೆಯಲ್ಲಿ ಕೂರುತ್ತದೆ. ಗಾರೆ ಬೇಡ, ಮೊಳೆ ಬೇಡ. ಎರಡು ಮೂರು ಕಿಲೋ ತನ್ನದೇ ಭಾರ, ಗಾಳಿಗೆ ಹಾರುವುದಿಲ್ಲ. ಒಡೆದರೆ ಆ ಒಂದನ್ನೇ ತೆಗೆದು ಬೇರೆ ಹಾಕಬಹುದು. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಗುಣ ಇಲ್ಲ. ಇಡೀ ಯಂತ್ರ ನಿಲ್ಲಿಸದೆ ಕೆಟ್ಟ ಭಾಗವನ್ನು ಬದಲಿಸಲು ಬರಬೇಕು.

1868ರಲ್ಲೇ ಆಲ್ಬುಕರ್ಕ್ ಕಾರ್ಖಾನೆ ಬಂತು, ಆಮೇಲೆ ನದಿ ದಂಡೆಯುದ್ದಕ್ಕೂ ಹೊಗೆಗೂಡುಗಳು ಎದ್ದವು. ಮಲ್ಪೆ, ಕಲ್ಲಿಕೋಟೆ, ಫರೋಕ್‌ಗಳಲ್ಲೂ ಮಿಶನ್ ಹೆಂಚು ಮಾಡಿತು. ಹಡಗುಗಳಲ್ಲಿ ಮುಂಬೈಗೆ, ಶ್ರೀಲಂಕೆಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಕ್ಕೆ ಹೋಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಸುಳ್ಳಾಗುತ್ತದೆ. ಕೂಲಿ ಕೊಡುವ ಧಣಿ, ಉಪದೇಶ ಮಾಡುವ ಗುರು, ತಪ್ಪು ಮಾಡಿದರೆ ವಿಚಾರಿಸುವ ಸಭೆ ಒಂದೇ ಕಡೆಯವರಾದರೆ ಕೆಲಸಗಾರ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು? ನಮ್ಮ ಮನೆಯ ಹಿರಿಯರೊಬ್ಬರು ಕುಡಿದು ಸಿಕ್ಕಿಬಿದ್ದು ಮೊದಲು ಸಭೆಯಿಂದ ಹೊರಬಿದ್ದರು, ಮರುವಾರ ಕೆಲಸದಿಂದಲೂ. ಯಾವ ಕಾರ್ಖಾನೆ ಎಂದು ನಾನು ಹೇಳುವುದಿಲ್ಲ, ಅವರೂ ಹೇಳುತ್ತಿರಲಿಲ್ಲ. ಅದೇ ಕಾರ್ಖಾನೆಯ ಕೂಲಿಯಿಂದ ಅವರ ತಂಗಿ ಓದು ಕಲಿತು ಟೀಚರ್ ಆದಳು ಎಂಬುದೂ ನಿಜ. ಎರಡನ್ನೂ ಒಂದೇ ಜಗಲಿಯಲ್ಲಿ ಕೂತು ಕೇಳಿದವನು ನಾನು. ಯಾವುದನ್ನೂ ಬಿಟ್ಟು ಹೇಳಲು ಬರುವುದಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಿಗೆ ವೈರಿಗಳಾದರು. ಬಹಳ ಮಂದಿಯನ್ನು ಆಗ ಅಹಮದ್‌ನಗರ ಎನ್ನುತ್ತಿದ್ದ ಊರಿನ ಬಂಧನ ಶಿಬಿರದಲ್ಲಿ ಇಟ್ಟರು. ಪುಣೆಯ ಕೇಳುಗರಿಗೆ ಆ ಊರು ದೂರವಲ್ಲ. ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದವು.

ಇನ್ನು ನನ್ನ ಸ್ವಂತ ಕಸುಬಿಗೆ ಹತ್ತಿರದ ಕಥೆ. ಇದು ಕನ್ನಡ ನಾಡಿನದಲ್ಲ, ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ್ದು. ಅಲ್ಲಿನ ರಾಜಧಾನಿ ಕೀಟೋದಲ್ಲಿ 1931ರ ಕ್ರಿಸ್‌ಮಸ್ ದಿನ ಎಚ್‌ಸಿಜೆಬಿ ಎಂಬ ಮಿಶನರಿ ರೇಡಿಯೋ ಶುರುವಾಯಿತು. 1970ರ ದಶಕದಲ್ಲಿ, ಹುಡುಗನಾಗಿದ್ದಾಗ, ಮರ್ಫಿ ರೇಡಿಯೋದಲ್ಲಿ ಶಾರ್ಟ್‌ವೇವ್ ತಿರುಗಿಸುತ್ತ ಒಂದು ಮುಂಜಾನೆ ನಾನು ಆ ನಿಲಯವನ್ನು ಹಿಡಿದೆ. ಹಾಡು ಮುಗಿಯುವ ಮೊದಲೇ ಅಲೆ ಮುಳುಗಿತು. ಕೇಳಿದ ಸಮಯ, ಮೀಟರು ಬರೆದು ಕಳಿಸಿದೆ. ನಾಲ್ಕು ತಿಂಗಳಿಗೆ ಬೆಟ್ಟದ ಚಿತ್ರವಿರುವ ಕಾರ್ಡು ಬಂತು. ನಾನು ಎಂಜಿನಿಯರಿಂಗ್ ಕಡೆ ತಿರುಗಿದ್ದಕ್ಕೆ ಆ ಕಾರ್ಡು ಕಾರಣ ಎಂದು ಹೇಳಿದರೆ ನನ್ನ ಹೆಂಡತಿ ನಗುತ್ತಾಳೆ, ಆದರೆ ನಿಜ.

ಕೀಟೋ ನಗರ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಲ್ಲಿ ಗಾಳಿ ತೆಳು, ತೆಳುಗಾಳಿ ವಿದ್ಯುತ್ತಿನ ಒತ್ತಡವನ್ನು ತಡೆಯಲಾರದು. ಆ ನಿಲಯದ ಏರಿಯಲ್ಲು ಉದ್ದನೆಯ ಅಲ್ಯೂಮಿನಿಯಂ ಕಡ್ಡಿಗಳದ್ದು. ಇಂಥ ಕಡ್ಡಿಯ ತುದಿಯಲ್ಲೇ ವೋಲ್ಟೇಜು ಅತಿ ಹೆಚ್ಚು. ರಾತ್ರಿ ಪ್ರಸಾರ ನಡೆಯುವಾಗ ತುದಿಗಳಲ್ಲಿ ನೀಲಿ ಬೆಂಕಿ ಹೊತ್ತಿಕೊಳ್ಳುತ್ತಿತ್ತು, ಕಡ್ಡಿ ಕರಗಿ ಚೂರು ಚೂರಾಗಿ ಕೆಳಗೆ ಬೀಳುತ್ತಿತ್ತು. ಯೋಚಿಸಿ, ಒಳಗೆ ಒಬ್ಬರು ಶಾಂತಿಯ ಸಂದೇಶ ಓದುತ್ತಿದ್ದಾರೆ, ಹೊರಗೆ ಕಂಬದ ಮೇಲೆ ಏರಿಯಲ್ಲು ಉರಿಯುತ್ತಿದೆ!

ಅಲ್ಲಿ ಎಂಜಿನಿಯರ್ ಆಗಿದ್ದವರು ಕ್ಲಾರೆನ್ಸ್ ಮೂರ್. ಹವ್ಯಾಸಿ ರೇಡಿಯೋದವರು, ಮಿಶನರಿ ಸೇವೆಗೆಂದೇ ಹೋದವರು. ತುದಿಗೆ ತಾಮ್ರದ ಗುಂಡು ಸಿಕ್ಕಿಸಿ ನೋಡಿದರು, ಆಗಲಿಲ್ಲ. 1942ರಲ್ಲಿ ರಜೆಗೆಂದು ಪೊಸೊರ್ಹಾ ಎಂಬ ಕಡಲೂರಿಗೆ ಹೋಗುವಾಗ ಪುಸ್ತಕದ ಹೊರೆಯನ್ನೇ ಹೊತ್ತುಕೊಂಡು ಹೋದರು. ಅಲ್ಲಿ ಪ್ರಾರ್ಥನೆ ಮಾಡಿದರು, ಲೆಕ್ಕವೂ ಹಾಕಿದರು. ತುದಿಯೇ ತೊಂದರೆ ಎಂದಾದರೆ ತುದಿಯೇ ಇಲ್ಲದ ಏರಿಯಲ್ ಮಾಡಿದರೆ? ತಂತಿಯನ್ನು ಬಾಗಿಸಿ ಚೌಕ ಮಾಡಿ ಮುಚ್ಚಿಬಿಟ್ಟರು. ಒಂದೊಂದು ಬದಿ ಅಲೆಯ ಉದ್ದದ ಕಾಲು ಭಾಗ, ನಾಲ್ಕು ಬದಿ ಸೇರಿ ಒಂದು ಪೂರ್ತಿ ಅಲೆ. ಬೆಂಕಿ ನಿಂತಿತು. ಇದನ್ನು 'ಕ್ಯೂಬಿಕಲ್ ಕ್ವಾಡ್' ಎನ್ನುತ್ತಾರೆ. 1951ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಸಿಕ್ಕಿತು. ಊರಿಗೆ ಮರಳಿದ ಮೂರ್ ಅಲ್ಲಿ ಶುರುಮಾಡಿದ ಚಿಕ್ಕ ಉದ್ಯಮ ಮುಂದೆ ಕ್ರೌನ್ ಆಂಪ್ಲಿಫೈಯರ್‌ಗಳ ಕಂಪನಿಯಾಯಿತು. ಇಂದಿಗೂ ಜಗತ್ತಿನೆಲ್ಲೆಡೆ ಹವ್ಯಾಸಿಗಳು ತಾರಸಿಯ ಮೇಲೆ ಆ ಚೌಕವನ್ನು ಏರಿಸುತ್ತಾರೆ. ಹಿಂದೂಗಳೂ, ಮುಸಲ್ಮಾನರೂ, ದೇವರನ್ನು ನಂಬದವರೂ. ಕೀಟೋ ಹತ್ತಿರದ ಪೀಫೋದಲ್ಲಿದ್ದ ಆ ನಿಲಯದ ಶಾರ್ಟ್‌ವೇವ್ ಪ್ರಸಾರ ಕೇಂದ್ರ 2009ರಲ್ಲಿ ಮುಚ್ಚಿತು. ಹೊಸ ವಿಮಾನ ನಿಲ್ದಾಣಕ್ಕೆ ಕಂಬಗಳು ಅಡ್ಡ ಬರುತ್ತಿದ್ದವು.

ನಿವೃತ್ತಿಯ ಮರುವರ್ಷ ಊರಿನ ನಮ್ಮ ಹಳೆಯ ಮನೆ ಕೆಡವಿದೆವು. ತಮ್ಮನಿಗೆ ಆರ್‌ಸಿಸಿ ಬೇಕಿತ್ತು, ಅವನನ್ನು ದೂರುವಂತಿಲ್ಲ. ಪ್ರತಿ ಮೇ ತಿಂಗಳು ಮಾಡು ಹತ್ತಿ ಹೆಂಚು ಕೈಯಾಡಿಸುವವರು ಈಗ ಸಿಗುವುದಿಲ್ಲ. ಪಕ್ಕಾಸು, ರೀಪು ಎಲ್ಲ ಇಳಿಸಿ ಹೆಂಚುಗಳನ್ನು ಆವರಣದ ಗೋಡೆಗೆ ಒರಗಿಸಿಟ್ಟರು. ಒಂದನ್ನು ಮಗುಚಿ ನೋಡಿದೆ. ಬೆನ್ನಿನ ಮೇಲೆ ಉಬ್ಬಕ್ಷರದಲ್ಲಿ ಬಾಸೆಲ್ ಮಿಶನ್ ಹೆಂಚಿನ ಕಾರ್ಖಾನೆಯ ಹೆಸರು, 1865 ಎಂಬ ಇಸವಿ. ನನ್ನ ಸೊಸೆ, "ಮಾವ, ಇದು ಅಷ್ಟು ಹಳೆಯದಾ!" ಎಂದಳು. ಅಲ್ಲಮ್ಮ, ಅದು ಕಾರ್ಖಾನೆ ಶುರುವಾದ ಇಸವಿ, ಹೆಂಚಿನದಲ್ಲ, ಎಂದೆ. ಇನ್ನೊಂದನ್ನು ಮಗುಚಿದೆ. ಅದರ ಮೂಲೆಯಲ್ಲಿ ಹಸಿ ಮಣ್ಣಿನಲ್ಲಿ ಎತ್ತಿಡುವಾಗ ಒತ್ತಿದ ಒಂದು ಹೆಬ್ಬೆರಳ ಗುರುತು, ಸುಟ್ಟು ಗಟ್ಟಿಯಾಗಿ ಹಾಗೇ ಉಳಿದಿತ್ತು. ಸಣ್ಣ ಬೆರಳು. ಹೆಂಗಸಿನದೋ ಹುಡುಗನದೋ ತಿಳಿಯದು.

ಆ ಹೆಂಚನ್ನು ಟವೆಲಿನಲ್ಲಿ ಸುತ್ತಿ ಮತ್ಸ್ಯಗಂಧಾ ರೈಲಿನಲ್ಲಿ ಇಲ್ಲಿಗೆ ತಂದೆ. ನಮ್ಮ ಮೂರನೆಯ ಮಹಡಿಯ ಗ್ಯಾಲರಿಯಲ್ಲಿ ಹೂಕುಂಡದ ಪಕ್ಕ ಇದೆ. ನೀವೂ ಹಳೆಯ ಕಟ್ಟಡಗಳಲ್ಲಿ ಇದ್ದರೆ, ಇಲ್ಲವೇ ಊರಿನ ಮನೆ ಬಿಚ್ಚುವ ಸಂದರ್ಭ ಬಂದರೆ, ಒಂದು ಹೆಂಚನ್ನು ಮಗುಚಿ ಬೆನ್ನು ಓದಿ. ಯಾವ ಕಾರ್ಖಾನೆ, ಯಾವ ಊರು ಎಂದು ಈ ವಿಭಾಗಕ್ಕೆ ಒಂದು ಕಾರ್ಡು ಬರೆಯಿರಿ. ಬೆರಳ ಗುರುತು ಸಿಕ್ಕಿದರೆ ಅದನ್ನೂ ಬರೆಯಿರಿ. ಆ ಕಾರ್ಡುಗಳನ್ನು ನನಗೆ ಕೊಡುವುದಾಗಿ ಉದ್ಘೋಷಕರು ಗಾಜಿನ ಆಚೆಯಿಂದ ತಲೆ ಆಡಿಸುತ್ತಿದ್ದಾರೆ.